ಭೂಮಿ ಮತ್ತು ಚಂದ್ರರ ಚಲನೆಗಳು: ಕೂಡಲಸಂಗಮದಿಂದ ಕಾಣುವ ಆಕಾಶ

ಭೂಮಿಯ ಅಕ್ಷಭ್ರಮಣ, ಸೂರ್ಯನ ಸುತ್ತ ಅದರ ಪರಿಭ್ರಮಣ ಮತ್ತು ಭೂಮಿಯ ಸುತ್ತ ಚಂದ್ರನ ಪರಿಭ್ರಮಣ ಎಂಬ ಮೂರು ಚಲನೆಗಳು ಕೂಡಿ ನೆಲದ ಮೇಲಿನ ನೋಡುಗನಿಗೆ ಉಂಟುಮಾಡುವ ತೋರಿಕೆಗಳನ್ನು ಭೂಚಂದ್ರ ಚಲನೆಯ ದೃಶ್ಯಪರಿಣಾಮಗಳು ಎನ್ನಬಹುದು. ಹಗಲಿರುಳು, ಋತುಮಾನ, ನೆರಳಿನ ಉದ್ದ, ಚಂದ್ರನ ಕಲೆಗಳು, ಗ್ರಹಣಗಳು, ನಕ್ಷತ್ರಗಳ ಉದಯಾಸ್ತ ಎಲ್ಲವೂ ಇದರಲ್ಲಿ ಸೇರುತ್ತವೆ. ಚಲನೆಗಳು ಇಡೀ ಭೂಮಿಗೆ ಒಂದೇ ಆದರೂ ತೋರಿಕೆ ನೋಡುಗ ನಿಂತ ಅಕ್ಷಾಂಶಕ್ಕೆ ತಕ್ಕಂತೆ ಬದಲಾಗುತ್ತದೆ. ಆದ್ದರಿಂದ ಈ ಲೇಖನ ಬಾಗಲಕೋಟೆ ಜಿಲ್ಲೆಯ ಕೂಡಲಸಂಗಮವನ್ನು ವೀಕ್ಷಣಾಸ್ಥಳವಾಗಿ ಇಟ್ಟುಕೊಂಡಿದೆ. ಕೃಷ್ಣಾ ಮತ್ತು ಮಲಪ್ರಭಾ ನದಿಗಳು ಕೂಡುವ ಈ ಕ್ಷೇತ್ರ ಸುಮಾರು 16.2 ಡಿಗ್ರಿ ಉತ್ತರ ಅಕ್ಷಾಂಶ, 76.1 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. ಅಂದರೆ ಸಮಭಾಜಕಕ್ಕೂ ಕರ್ಕಾಟಕ ವೃತ್ತಕ್ಕೂ ನಡುವೆ, ವೃತ್ತಕ್ಕೆ ಹತ್ತಿರವಾಗಿ. ಇಲ್ಲಿ ಹೇಳುವ ಲೆಕ್ಕಗಳು ಹುನಗುಂದ, ಇಳಕಲ್ಲು, ಬಾದಾಮಿ, ಬಾಗಲಕೋಟೆಗಳಿಗೂ ಅಲ್ಪ ವ್ಯತ್ಯಾಸದೊಂದಿಗೆ ಅನ್ವಯಿಸುತ್ತವೆ.

ಪರಿಭಾಷೆ

ಭೂಮಿ ತನ್ನ ಅಕ್ಷದ ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ತಿರುಗುವುದು ಅಕ್ಷಭ್ರಮಣ. ಒಂದು ಕಾಯ ಇನ್ನೊಂದನ್ನು ಸುತ್ತುವುದು ಪರಿಭ್ರಮಣ. ಆಕಾಶದಲ್ಲಿ ಸೂರ್ಯ ವರ್ಷವಿಡೀ ಸಾಗುವಂತೆ ತೋರುವ ಹಾದಿ ಕ್ರಾಂತಿವೃತ್ತ. ಭೂಮಿಯ ಸಮಭಾಜಕವನ್ನು ಆಕಾಶಕ್ಕೆ ಚಾಚಿದರೆ ಸಿಗುವುದು ವಿಷುವದ್ವೃತ್ತ. ಇವೆರಡರ ನಡುವಿನ ಕೋನ 23.4 ಡಿಗ್ರಿ, ಅದೇ ಭೂಮಿಯ ಅಕ್ಷದ ಓರೆ. ವಿಷುವದ್ವೃತ್ತದಿಂದ ಉತ್ತರಕ್ಕೋ ದಕ್ಷಿಣಕ್ಕೋ ಒಂದು ಕಾಯ ಇರುವ ಕೋನಾಂತರ ಅದರ ಕ್ರಾಂತಿ. ನೋಡುಗನ ನೆತ್ತಿಯ ನೇರದ ಬಿಂದು ಖಮಧ್ಯ. ಚಂದ್ರನ ಕಕ್ಷೆ ಕ್ರಾಂತಿವೃತ್ತವನ್ನು ದಾಟುವ ಎರಡು ಬಿಂದುಗಳು ಪಾತಗಳು; ಪಂಚಾಂಗದ ರಾಹು ಮತ್ತು ಕೇತು ಇವೇ. ಸೂರ್ಯನಿಗೆ ಭೂಮಿ ಅತಿ ಸಮೀಪವಿರುವ ಸ್ಥಾನ ಪುರರವಿ, ಅತಿ ದೂರವಿರುವುದು ಅಪರವಿ. ಚಂದ್ರನ ವಿಷಯದಲ್ಲಿ ಇವು ಪುರಭೂಮಿ ಮತ್ತು ಅಪಭೂಮಿ.

ಅರಿವಿನ ಹಿನ್ನೆಲೆ

ನಕ್ಷತ್ರಗಳ ದೈನಂದಿನ ಪಶ್ಚಿಮಾಭಿಮುಖ ಓಟ ಭೂಮಿಯ ತಿರುಗುವಿಕೆಯಿಂದ ಉಂಟಾದ ತೋರಿಕೆ ಎಂದು ಕ್ರಿ.ಶ. 499ರ ಆರ್ಯಭಟೀಯ ಹೇಳಿತು. ಅನಂತರದ ಭಾರತೀಯ ಸಿದ್ಧಾಂತಕಾರರಲ್ಲಿ ಹೆಚ್ಚಿನವರು ಇದನ್ನು ಒಪ್ಪಲಿಲ್ಲ. ಆದರೂ ಸ್ಥಿರ ಭೂಮಿಯನ್ನು ಇಟ್ಟುಕೊಂಡೇ ಅವರು ಮಾಡಿದ ಸೂರ್ಯಚಂದ್ರರ ಗಣಿತ ತಿಥಿಗೂ ಗ್ರಹಣಕ್ಕೂ ಸಾಕಷ್ಟು ಸರಿಹೊಂದಿತು.

ಕೂಡಲಸಂಗಮದ ಸುತ್ತಲ ನಾಡಿನಲ್ಲಿ ಈ ಗಣಿತದ ಬಳಕೆಗೆ ಆಧಾರ ಬಾದಾಮಿ ಚಾಲುಕ್ಯರ ಶಾಸನಗಳು. ಬಾದಾಮಿ ಬೆಟ್ಟದ ಮೇಲಿನ ಮೊದಲನೆಯ ಪುಲಕೇಶಿಯ ಬಂಡೆಶಾಸನ ಶಕವರ್ಷ 465ನ್ನು, ಅಂದರೆ ಕ್ರಿ.ಶ. 543ನ್ನು, ಹೇಳುತ್ತದೆ. ಮಂಗಲೇಶ ಮೂರನೆಯ ಗುಹಾಲಯದಲ್ಲಿ ವಿಷ್ಣುಪ್ರತಿಷ್ಠೆ ಮಾಡಿಸಿದ ದಿನ ಶಕವರ್ಷ 500ರ ಕಾರ್ತಿಕ ಹುಣ್ಣಿಮೆ. ಐಹೊಳೆಯ ಮೇಗುತಿ ಗುಡಿಯಲ್ಲಿ ರವಿಕೀರ್ತಿ ಬರೆದ ಪ್ರಶಸ್ತಿ ಶಕವರ್ಷ 556ನ್ನು ಭಾರತಯುದ್ಧದಿಂದ ಕಳೆದ 3735 ವರ್ಷಗಳ ಲೆಕ್ಕದೊಡನೆ ಜೋಡಿಸುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಪಟ್ಟದಕಲ್ಲಿನ ಕಂಬಶಾಸನ. ಗಂಗೆಯ ಉತ್ತರ ದಡದ ನಾಡಿನಿಂದ ಬಂದ ಜ್ಞಾನಶಿವಾಚಾರ್ಯರು ಎರಡನೆಯ ಕೀರ್ತಿವರ್ಮನ ಕಾಲದಲ್ಲಿ ತ್ರಿಶೂಲಸ್ತಂಭ ನಿಲ್ಲಿಸಿದ್ದನ್ನು ಇದು ದಾಖಲಿಸುತ್ತದೆ. ಒಂದೇ ಸಂಸ್ಕೃತ ಪಾಠ ಉತ್ತರದ ಸಿದ್ಧಮಾತೃಕಾ ಲಿಪಿಯಲ್ಲೂ ಸ್ಥಳೀಯ ಕನ್ನಡ ಲಿಪಿಯಲ್ಲೂ ಇದೆ. ಅದರಲ್ಲಿ ಹೇಳಿರುವ ಶ್ರಾವಣ ಅಮಾವಾಸ್ಯೆಯ ಸೂರ್ಯಗ್ರಹಣ ಕ್ರಿ.ಶ. 754ರ ಜೂನ್ 25ರದ್ದು ಎಂದು ಶಾಸನತಜ್ಞ ಜೆ. ಎಫ್. ಫ್ಲೀಟ್ ಗುರುತಿಸಿದರು. ಜೂನ್ ತಿಂಗಳ ಅಮಾವಾಸ್ಯೆ ಶ್ರಾವಣದಲ್ಲಿ ಬೀಳಬೇಕಾದರೆ ತಿಂಗಳು ಹುಣ್ಣಿಮೆಗೆ ಮುಗಿಯುವ ಪೂರ್ಣಿಮಾಂತ ಗಣನೆಯಾಗಿರಬೇಕು. ಇಂದಿನ ಕರ್ನಾಟಕದಲ್ಲಿರುವುದು ಅಮಾವಾಸ್ಯೆಗೆ ಮುಗಿಯುವ ಅಮಾಂತ ಗಣನೆ. ಗ್ರಹಣ ನಡೆದದ್ದು ಅಮಾವಾಸ್ಯೆಯಂದೇ ಎಂಬುದರಲ್ಲಿ ಸಂದೇಹವಿಲ್ಲ, ತಿಂಗಳಿಗೆ ಇಟ್ಟ ಹೆಸರಷ್ಟೇ ಬೇರೆ. ಶಾಸನದ ಕಾಲಗಣನೆಯನ್ನು ಇಂದಿನ ಪಂಚಾಂಗದ ಕಣ್ಣಿನಿಂದ ಓದಬಾರದು ಎಂಬುದಕ್ಕೆ ಈ ಕಂಬ ಒಳ್ಳೆಯ ಸಾಕ್ಷಿ.

ದೈನಂದಿನ ಚಲನೆ

ನಕ್ಷತ್ರಗಳಿಗೆ ಹೋಲಿಸಿದರೆ ಭೂಮಿ ಒಂದು ಸುತ್ತು ತಿರುಗಲು ತೆಗೆದುಕೊಳ್ಳುವ ಕಾಲ 23 ಗಂಟೆ 56 ನಿಮಿಷ 4 ಸೆಕೆಂಡು. ಅಷ್ಟರಲ್ಲಿ ಭೂಮಿ ಕಕ್ಷೆಯಲ್ಲಿ ಸುಮಾರು 1 ಡಿಗ್ರಿ ಮುಂದೆ ಸಾಗಿರುವುದರಿಂದ ಸೂರ್ಯ ಮತ್ತೆ ಅದೇ ದಿಕ್ಕಿಗೆ ಬರಲು ಇನ್ನೂ 4 ನಿಮಿಷ ಬೇಕು. 24 ಗಂಟೆಯ ಸೌರದಿನ ಹುಟ್ಟುವುದು ಹೀಗೆ. ಪ್ರತಿ ನಕ್ಷತ್ರ ದಿನಕ್ಕೆ 4 ನಿಮಿಷ, ತಿಂಗಳಿಗೆ 2 ಗಂಟೆ ಬೇಗ ಉದಯಿಸುವುದಕ್ಕೂ ಇದೇ ಕಾರಣ. ಕೂಡಲಸಂಗಮದ ಅಕ್ಷಾಂಶದಲ್ಲಿ ನೆಲ ಗಂಟೆಗೆ ಸುಮಾರು 1,600 ಕಿ.ಮೀ. ವೇಗದಲ್ಲಿ ಪೂರ್ವಕ್ಕೆ ಸಾಗುತ್ತಿರುತ್ತದೆ. ವೇಗ ಸಮನಾಗಿರುವುದರಿಂದ ಅದು ಅನುಭವಕ್ಕೆ ಬರುವುದಿಲ್ಲ.

ಧ್ರುವನಕ್ಷತ್ರ ಇಲ್ಲಿ ಉತ್ತರ ದಿಗಂತದಿಂದ ಸುಮಾರು 16 ಡಿಗ್ರಿ ಎತ್ತರದಲ್ಲಿ ಕಾಣುತ್ತದೆ, ಅಂದರೆ ಸ್ಥಳದ ಅಕ್ಷಾಂಶದಷ್ಟೇ. ಹಿನ್ನೀರಿನ ಮೇಲಿನ ಮಂಜು ಅಥವಾ ದೂಳು ಅದನ್ನು ಮರೆಸಲು ಸಾಕು. ಧ್ರುವ ಇಷ್ಟು ತಗ್ಗಿನಲ್ಲಿರುವ ಕಾರಣ ಯುರೋಪಿನ ಬಹುಭಾಗದ ಆಕಾಶದಲ್ಲಿ ಎಂದೂ ಮುಳುಗದ ಸಪ್ತರ್ಷಿ ಮಂಡಲ ಇಲ್ಲಿ ಪೂರ್ತಿಯಾಗಿ ಮುಳುಗುತ್ತದೆ. ಅಕ್ಟೋಬರ್–ನವೆಂಬರ್ ಸಂಜೆಗಳಲ್ಲಿ ಅದು ಕಾಣುವುದಿಲ್ಲ. ಅದಕ್ಕೆ ಬದಲಾಗಿ ದಕ್ಷಿಣದ ಆಕಾಶ ಧಾರಾಳವಾಗಿ ತೆರೆದುಕೊಳ್ಳುತ್ತದೆ. ಅಗಸ್ತ್ಯ ನಕ್ಷತ್ರ ಫೆಬ್ರವರಿ ರಾತ್ರಿಗಳಲ್ಲಿ ದಕ್ಷಿಣಕ್ಕೆ 21 ಡಿಗ್ರಿ ಎತ್ತರಕ್ಕೇರುತ್ತದೆ. ತ್ರಿಶಂಕು ಎಂದು ಕರೆಯುವ ದಕ್ಷಿಣ ಶಿಲುಬೆಯ ತಳದ ನಕ್ಷತ್ರವೂ ಮೇ ತಿಂಗಳಲ್ಲಿ ದಿಗಂತದಿಂದ 10 ಡಿಗ್ರಿಗಿಂತ ಮೇಲೆ ಬರುತ್ತದೆ.

ಸೂರ್ಯ ಇಲ್ಲಿ ಕಡಿದಾಗಿ ಮುಳುಗುತ್ತಾನೆ. ವಿಷುವದಂದು ಅವನ ಇಳಿಹಾದಿ ದಿಗಂತದೊಡನೆ ಮಾಡುವ ಕೋನ ಸುಮಾರು 74 ಡಿಗ್ರಿ. ಹೀಗಾಗಿ ಮುಸ್ಸಂಜೆ ಬೇಗ ಕಳೆಯುತ್ತದೆ. ಸೂರ್ಯಾಸ್ತದಿಂದ ಸುಮಾರು 22 ನಿಮಿಷಕ್ಕೆ ದೀಪವಿಲ್ಲದೆ ಹೊರಗಿನ ಕೆಲಸ ಕಷ್ಟವಾಗುತ್ತದೆ.

ವಾರ್ಷಿಕ ಚಲನೆ ಮತ್ತು ನೆರಳು

ಭೂಮಿಯ ಅಕ್ಷ ಓರೆಯಾಗಿದ್ದು ವರ್ಷವಿಡೀ ಒಂದೇ ದಿಕ್ಕಿಗೆ ಚಾಚಿರುವುದರಿಂದ ಸೂರ್ಯನ ಕ್ರಾಂತಿ ಡಿಸೆಂಬರ್ 21–22ರಂದು ದಕ್ಷಿಣಕ್ಕೆ 23.4 ಡಿಗ್ರಿ, ಜೂನ್ 21ರ ಸುಮಾರಿಗೆ ಉತ್ತರಕ್ಕೆ ಅಷ್ಟೇ ಆಗುತ್ತದೆ. ಇದನ್ನು ಅಳೆಯುವ ಅತಿ ಹಳೆಯ ಉಪಕರಣ ಶಂಕು, ಅಂದರೆ ಸಮತಟ್ಟಾದ ನೆಲದಲ್ಲಿ ನೆಟ್ಟಗೆ ನಿಲ್ಲಿಸಿದ ಕೋಲು.

ಕೂಡಲಸಂಗಮದಲ್ಲಿ 1 ಮೀಟರ್ ಎತ್ತರದ ಶಂಕುವಿನ ಮಧ್ಯಾಹ್ನದ ನೆರಳು ಡಿಸೆಂಬರ್ ಅಯನದಂದು ಉತ್ತರಕ್ಕೆ 83 ಸೆಂ.ಮೀ. ಚಾಚುತ್ತದೆ. ಆಗ ಸೂರ್ಯನ ಎತ್ತರ ಕೇವಲ 50 ಡಿಗ್ರಿ. ಮಾರ್ಚ್ ವಿಷುವಕ್ಕೆ ನೆರಳು 29 ಸೆಂ.ಮೀ.ಗೆ ಕುಗ್ಗುತ್ತದೆ. ಮೇ 5ರ ಸುಮಾರಿಗೆ ಸೂರ್ಯನ ಕ್ರಾಂತಿ ಸ್ಥಳದ ಅಕ್ಷಾಂಶಕ್ಕೆ ಸಮನಾಗಿ ಸೂರ್ಯ ಖಮಧ್ಯದಲ್ಲಿ ನಿಲ್ಲುತ್ತಾನೆ. ಶಂಕುವಿನ ನೆರಳು ಅದರ ಬುಡದಲ್ಲೇ ಅಡಗುತ್ತದೆ. ಇದು ಶೂನ್ಯ ನೆರಳಿನ ದಿನ. ಅಲ್ಲಿಂದ ಮೂರು ತಿಂಗಳು ಮಧ್ಯಾಹ್ನದ ಸೂರ್ಯ ಉತ್ತರ ಮಗ್ಗುಲಿನಲ್ಲಿರುತ್ತಾನೆ, ನೆರಳು ದಕ್ಷಿಣಕ್ಕೆ ಬೀಳುತ್ತದೆ. ಜೂನ್ ಅಯನದಂದು ಈ ದಕ್ಷಿಣದ ನೆರಳು 13 ಸೆಂ.ಮೀ. ಆಗಸ್ಟ್ 7–8ರ ಸುಮಾರಿಗೆ ಸೂರ್ಯ ಎರಡನೆಯ ಬಾರಿ ನೆತ್ತಿಯ ಮೇಲೆ ಹಾಯುತ್ತಾನೆ, ಆದರೆ ಆ ಹೊತ್ತಿಗೆ ಮುಂಗಾರಿನ ಮೋಡ ಅವನನ್ನು ಮುಚ್ಚಿರುವುದೇ ಹೆಚ್ಚು. ಮೇ ಮೊದಲ ವಾರದಲ್ಲಿ ಸೂರ್ಯ ನೆತ್ತಿಗೆ ಬರುವ ರೇಖೆ ದಿನಕ್ಕೆ ಸುಮಾರು 30 ಕಿ.ಮೀ. ಉತ್ತರಕ್ಕೆ ಸರಿಯುತ್ತದೆ. ಆದ್ದರಿಂದ ಬಾದಾಮಿ ಮತ್ತು ಇಳಕಲ್ಲಿನಲ್ಲಿ ಶೂನ್ಯ ನೆರಳು ಕೂಡಲಸಂಗಮಕ್ಕಿಂತ ಒಂದು ದಿನ ಮೊದಲು, ಆಗಸ್ಟಿನಲ್ಲಿ ಒಂದು ದಿನ ತಡವಾಗಿ ಸಂಭವಿಸುತ್ತದೆ. ಕರ್ಕಾಟಕ ವೃತ್ತದಿಂದ ಉತ್ತರಕ್ಕಿರುವ ದೆಹಲಿಯಲ್ಲಿ ಇದು ಎಂದೂ ಆಗುವುದಿಲ್ಲ.

ಸೂರ್ಯೋದಯದ ಬಿಂದುವೂ ವರ್ಷವಿಡೀ ಸರಿಯುತ್ತದೆ. ವಿಷುವದಂದು ನೇರ ಪೂರ್ವ. ಅಯನಗಳಲ್ಲಿ ಅಲ್ಲಿಂದ 24.5 ಡಿಗ್ರಿ ಉತ್ತರಕ್ಕೆ ಅಥವಾ ದಕ್ಷಿಣಕ್ಕೆ. ವಿಷುವದ ಆಸುಪಾಸಿನಲ್ಲಿ ಬಿಂದು ದಿನಕ್ಕೆ ಸೂರ್ಯಬಿಂಬದ ಮುಕ್ಕಾಲು ಅಗಲದಷ್ಟು ಜರುಗಿದರೆ, ಅಯನದ ಆಚೀಚೆ ಹಲವು ದಿನ ನಿಂತಲ್ಲೇ ನಿಂತಂತೆ ಕಾಣುತ್ತದೆ. ಹಗಲಿನ ಅವಧಿ ಜೂನಿನಲ್ಲಿ 13 ಗಂಟೆ 5 ನಿಮಿಷ, ಡಿಸೆಂಬರಿನಲ್ಲಿ 11 ಗಂಟೆ 10 ನಿಮಿಷ. ವ್ಯತ್ಯಾಸ ಎರಡು ಗಂಟೆಗೂ ಕಡಿಮೆ.

ಋತುಭೇದಕ್ಕೆ ಸೂರ್ಯನ ದೂರ ಕಾರಣವಲ್ಲ. ಭೂಮಿ ಪುರರವಿಯಲ್ಲಿ ಸೂರ್ಯನಿಂದ 14.71 ಕೋಟಿ ಕಿ.ಮೀ. ದೂರವಿರುವುದು ಜನವರಿ ಮೊದಲ ವಾರ, ಅಂದರೆ ಈ ಭಾಗದ ಚಳಿಗಾಲದಲ್ಲಿ, ಅಪರವಿಯಲ್ಲಿ 15.21 ಕೋಟಿ ಕಿ.ಮೀ. ದೂರ ಹೋಗುವುದು ಜುಲೈ ಮೊದಲ ವಾರ. ಬಿಸಿಲಿನ ತಾಪ ಜೂನ್ ಅಯನಕ್ಕೆ ಕಾಯದೆ ಏಪ್ರಿಲ್–ಮೇ ತಿಂಗಳಲ್ಲೇ ತುದಿಮುಟ್ಟುವುದಕ್ಕೆ ಎರಡು ಕಾರಣಗಳಿವೆ: ಸೂರ್ಯ ಮೇ ಆರಂಭದಲ್ಲೇ ನೆತ್ತಿಗೆ ಬರುವುದು ಮತ್ತು ಜೂನಿನಲ್ಲಿ ಮುಂಗಾರು ಕಾಲಿಡುವುದು. ಬೇಸಗೆಯಲ್ಲಿ ಉತ್ತರಾರ್ಧಗೋಳದ ಭೂಖಂಡ ಕಾಯುವುದರಿಂದಲೇ ನೈಋತ್ಯ ಮಾರುತ ಒಳನಾಡಿಗೆ ಎಳೆಯಲ್ಪಡುತ್ತದೆ. ಹೀಗೆ ಮಳೆಗೂ ಮೂಲ ಕಾರಣ ಅಕ್ಷದ ಓರೆಯೇ.

ಗಡಿಯಾರದ ಹೊತ್ತು ಮತ್ತು ಸೂರ್ಯನ ಹೊತ್ತು

1906ರಿಂದ ಜಾರಿಗೆ ಬಂದ ಭಾರತೀಯ ಪ್ರಮಾಣ ಕಾಲ 82.5 ಡಿಗ್ರಿ ಪೂರ್ವ ರೇಖಾಂಶದ್ದು. ಕೂಡಲಸಂಗಮ ಅದಕ್ಕಿಂತ 6.4 ಡಿಗ್ರಿ ಪಶ್ಚಿಮಕ್ಕಿರುವುದರಿಂದ ಇಲ್ಲಿಯ ಸೂರ್ಯ ಗಡಿಯಾರಕ್ಕಿಂತ ಸರಾಸರಿ 26 ನಿಮಿಷ ಹಿಂದೆ. ಮಧ್ಯಾಹ್ನದ ಹೊತ್ತು ವರ್ಷವಿಡೀ ಒಂದೇ ಆಗಿರುವುದೂ ಇಲ್ಲ. ಭೂಮಿಯ ಕಕ್ಷೆ ದೀರ್ಘವೃತ್ತವಾಗಿದ್ದು ವೇಗ ಏರಿಳಿಯುವುದು ಮತ್ತು ಅಕ್ಷದ ಓರೆ, ಇವೆರಡರಿಂದ ನಿಜವಾದ ಮಧ್ಯಾಹ್ನ ನವೆಂಬರ್ ಆರಂಭದಲ್ಲಿ 12.09ಕ್ಕೂ ಫೆಬ್ರವರಿ ಮಧ್ಯದಲ್ಲಿ 12.40ಕ್ಕೂ ಆಗುತ್ತದೆ. ಇದರ ಒಂದು ಪರಿಣಾಮ ಅನೇಕರನ್ನು ಗೊಂದಲಕ್ಕೆ ಕೆಡಹುತ್ತದೆ. ಅತಿ ಚಿಕ್ಕ ಹಗಲು ಡಿಸೆಂಬರ್ 21–22ರದ್ದಾದರೂ ಅತಿ ಬೇಗನೆ ಸೂರ್ಯಾಸ್ತವಾಗುವುದು ನವೆಂಬರ್ ಕೊನೆಯ ಭಾಗದಲ್ಲಿ, ಸುಮಾರು 5.50ಕ್ಕೆ, ಅತಿ ತಡವಾದ ಸೂರ್ಯೋದಯ ಜನವರಿ ಮೂರನೆಯ ವಾರದಲ್ಲಿ, ಸುಮಾರು 6.57ಕ್ಕೆ. ಸಂಕ್ರಾಂತಿ ಕಳೆದರೂ ಬೆಳಗು ತಡವಾಗುತ್ತಲೇ ಹೋಗುವುದು ಇದರಿಂದ.

ಚಂದ್ರನ ಚಲನೆ

ಚಂದ್ರ ನಕ್ಷತ್ರಗಳ ನಡುವೆ ಒಂದು ಸುತ್ತು ಮುಗಿಸಲು 27.32 ದಿನ ಬೇಕು. ಸೂರ್ಯನೂ ಅದೇ ದಿಕ್ಕಿಗೆ ಸಾಗುತ್ತಿರುವುದರಿಂದ ಅಮಾವಾಸ್ಯೆಯಿಂದ ಅಮಾವಾಸ್ಯೆಗೆ 29.53 ದಿನ. ಸೂರ್ಯನಿಂದ ಚಂದ್ರನ ಕೋನಾಂತರ ಪ್ರತಿ 12 ಡಿಗ್ರಿ ಹೆಚ್ಚಿದಾಗ ಒಂದು ತಿಥಿ ಮುಗಿಯುತ್ತದೆ. ಚಂದ್ರನ ದೂರ ಸುಮಾರು 3,56,500 ಕಿ.ಮೀ.ಯಿಂದ 4,06,700 ಕಿ.ಮೀ.ವರೆಗೆ ಏರಿಳಿಯುತ್ತದೆ. ಪುರಭೂಮಿಯ ಬಳಿ ಅವನು ಬೇಗ, ಅಪಭೂಮಿಯ ಬಳಿ ನಿಧಾನ ಸಾಗುವುದರಿಂದ ತಿಥಿ ಸುಮಾರು 20 ಗಂಟೆಯಷ್ಟು ಗಿಡ್ಡವಾಗಬಹುದು ಅಥವಾ 26 ಗಂಟೆಗೂ ಮೀರಬಹುದು. ಪಂಚಾಂಗದಲ್ಲಿ ತಿಥಿ ಕ್ಷಯ, ತಿಥಿ ವೃದ್ಧಿ ಬರುವುದು ಇದರಿಂದ. ಚಂದ್ರೋದಯ ದಿನಕ್ಕೆ ಸರಾಸರಿ 50 ನಿಮಿಷ ತಡವಾಗುತ್ತದೆ. ಈ ಅಕ್ಷಾಂಶದಲ್ಲಿ ಅದು ಋತುವಿಗೆ ತಕ್ಕಂತೆ ಸುಮಾರು 40ರಿಂದ 60 ನಿಮಿಷದ ನಡುವೆ ಇರುತ್ತದೆ.

ಬಿದಿಗೆಯ ಚಂದ್ರ. ಯುಗಾದಿಯ ಮರುದಿನ ಸಂಜೆ ಪಶ್ಚಿಮದಲ್ಲಿ ಚಂದ್ರದರ್ಶನ ಮಾಡುವುದು ಈ ನಾಡಿನ ರೂಢಿ. ಆಗ ಕಾಣುವ ಎಳೆಚಂದ್ರ ನೀರಿನ ಮೇಲಿನ ಹರಿಗೋಲಿನಂತೆ ಬೆನ್ನು ಕೆಳಗೆ ಮಾಡಿ ಮಲಗಿರುತ್ತಾನೆ. ಮಾರ್ಚ್–ಏಪ್ರಿಲ್ ಸಂಜೆಗಳಲ್ಲಿ 16 ಡಿಗ್ರಿ ಅಕ್ಷಾಂಶದಲ್ಲಿ ಕ್ರಾಂತಿವೃತ್ತ ಪಶ್ಚಿಮ ದಿಗಂತದಿಂದ ಬಹುಪಾಲು ನೆಟ್ಟಗೆ ಏಳುವುದೇ ಇದಕ್ಕೆ ಕಾರಣ. ಲಂಬರೇಖೆಯಿಂದ ಅದು ಉತ್ತರಕ್ಕೆ ವಾಲುವುದು ಏಳೇ ಡಿಗ್ರಿ. ಮುಳುಗಿದ ಸೂರ್ಯ ಚಂದ್ರನ ನೇರ ಕೆಳಗಿರುವುದರಿಂದ ಬೆಳಗಿದ ಅಂಚು ಕೆಳಕ್ಕೆ ಮುಖಮಾಡುತ್ತದೆ.

ಕೋಡುಗಳಲ್ಲಿ ಯಾವುದು ಎತ್ತರ ಎಂಬುದು ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ, ಅದಕ್ಕೂ ಲೆಕ್ಕವಿದೆ. ಚಂದ್ರನ ಕಕ್ಷೆ ಕ್ರಾಂತಿವೃತ್ತಕ್ಕೆ 5.1 ಡಿಗ್ರಿ ಓರೆಯಾಗಿದ್ದು ಪಾತಗಳು 18.6 ವರ್ಷಕ್ಕೊಮ್ಮೆ ಹಿಮ್ಮುಖವಾಗಿ ಒಂದು ಸುತ್ತು ಬರುತ್ತವೆ. ಯುಗಾದಿಯ ಚಂದ್ರ ಕ್ರಾಂತಿವೃತ್ತಕ್ಕಿಂತ ಉತ್ತರದಲ್ಲಿರುವ ವರ್ಷಗಳಲ್ಲಿ ದಕ್ಷಿಣದ ಕೋಡು ಸ್ಪಷ್ಟವಾಗಿ ಮೇಲೆ ನಿಲ್ಲುತ್ತದೆ. ಸಾಕಷ್ಟು ದಕ್ಷಿಣದಲ್ಲಿರುವ ವರ್ಷಗಳಲ್ಲಿ ಉತ್ತರದ ಕೋಡು ಮೇಲೇರುತ್ತದೆ. ನಡುವಿನ ವರ್ಷಗಳಲ್ಲಿ ಎರಡೂ ಹೆಚ್ಚುಕಡಿಮೆ ಸಮ. ಕೋಡಿನ ಎತ್ತರಕ್ಕೂ ಆ ವರ್ಷದ ಮಳೆ ಅಥವಾ ಧಾರಣೆಗೂ ಸಂಬಂಧವಿಲ್ಲ. ಭಾದ್ರಪದದ ಚೌತಿಯಲ್ಲಿ ನೋಟವೇ ಬೇರೆ. ಆಗ ಸಂಜೆಯ ಕ್ರಾಂತಿವೃತ್ತ ದಿಗಂತಕ್ಕೆ 50 ಡಿಗ್ರಿಯಷ್ಟೇ ಕೋನದಲ್ಲಿ ದಕ್ಷಿಣಕ್ಕೆ ಒರಗಿರುವುದರಿಂದ ಚಂದ್ರ ನೈಋತ್ಯದಲ್ಲಿ, ಉತ್ತರದ ಕೋಡನ್ನು ಎತ್ತಿಕೊಂಡು ಓರೆಯಾಗಿ ನಿಲ್ಲುತ್ತಾನೆ.

ನೆತ್ತಿಯ ಹುಣ್ಣಿಮೆ. ಹುಣ್ಣಿಮೆಯ ಚಂದ್ರ ಸೂರ್ಯನಿಗೆ ಎದುರಾಗಿರುವುದರಿಂದ ಚಳಿಗಾಲದಲ್ಲಿ ಎತ್ತರದಲ್ಲೂ ಬೇಸಗೆಯಲ್ಲಿ ತಗ್ಗಿನಲ್ಲೂ ಸಾಗುತ್ತಾನೆ. ಪುಷ್ಯಮಾಸದ ಬನದ ಹುಣ್ಣಿಮೆಯಂದು, ಬಾದಾಮಿ ಬನಶಂಕರಿಯ ತೇರು ಎಳೆಯುವ ದಿನ, ಚಂದ್ರ ನಡುರಾತ್ರಿಯ ಸುಮಾರಿಗೆ ಖಮಧ್ಯದಿಂದ ಕೆಲವೇ ಡಿಗ್ರಿ ಅಂತರದಲ್ಲಿ ಹಾಯುತ್ತಾನೆ. ಜಾತ್ರೆಯಲ್ಲಿ ನಿಂತವರ ನೆರಳು ಕಾಲಬುಡಕ್ಕೆ ಕುಗ್ಗುತ್ತದೆ. ಜೂನಿನ ಕಾರಹುಣ್ಣಿಮೆಯ ಚಂದ್ರ ದಕ್ಷಿಣಕ್ಕೆ 45ರಿಂದ 56 ಡಿಗ್ರಿ ಎತ್ತರಕ್ಕಷ್ಟೇ ಏರುತ್ತಾನೆ.

ಚಂದ್ರೋದಯದ ಅತ್ಯುತ್ತರ ಬಿಂದುವೂ 18.6 ವರ್ಷದ ಆವರ್ತಕ್ಕೆ ಒಳಪಟ್ಟಿದೆ. 2024–25ರಲ್ಲಿ ಅದು ಪೂರ್ವದಿಂದ ಉತ್ತರಕ್ಕೆ ಸುಮಾರು 30 ಡಿಗ್ರಿ ಮುಟ್ಟಿತ್ತು. 2034ರ ಹೊತ್ತಿಗೆ 19 ಡಿಗ್ರಿಗೆ ಇಳಿಯಲಿದೆ. ಚಂದ್ರನ ಅಕ್ಷಭ್ರಮಣದ ಅವಧಿ ಅವನ ಪರಿಭ್ರಮಣದ ಅವಧಿಗೆ ಸಮನಾಗಿರುವುದರಿಂದ ನಮಗೆ ಒಂದೇ ಮುಖ ಕಾಣುತ್ತದೆ. ಕಕ್ಷೆಯ ದೀರ್ಘತೆ ಮತ್ತು ಓರೆಗಳಿಂದ ಉಂಟಾಗುವ ತೊನೆದಾಟದ ದೆಸೆಯಿಂದ ಒಟ್ಟಾರೆ ಶೇ. 59ರಷ್ಟು ಮೇಲ್ಮೈ ಕಾಲಕಾಲಕ್ಕೆ ಗೋಚರವಾಗುತ್ತದೆ.

ಗ್ರಹಣಗಳು

ಅಮಾವಾಸ್ಯೆ ಅಥವಾ ಹುಣ್ಣಿಮೆ ಪಾತದ ಸಮೀಪ ಬಿದ್ದಾಗ ಮಾತ್ರ ಗ್ರಹಣ. ಕಕ್ಷೆಗೆ 5.1 ಡಿಗ್ರಿಯ ಓರೆ ಇರದಿದ್ದರೆ ತಿಂಗಳಿಗೆ ಎರಡು ಗ್ರಹಣ ತಪ್ಪುತ್ತಿರಲಿಲ್ಲ. ಚಂದ್ರನ ದೂರದಲ್ಲಿ ಭೂಮಿಯ ಗಾಢ ನೆರಳು ಚಂದ್ರನ ಎರಡೂವರೆ ಪಟ್ಟಿಗಿಂತ ಅಗಲವಿರುವುದರಿಂದ ಚಂದ್ರಗ್ರಹಣ ಗಂಟೆಗಟ್ಟಲೆ ನಡೆಯುತ್ತದೆ ಮತ್ತು ರಾತ್ರಿಯಿರುವ ಅರ್ಧ ಭೂಮಿಗೆಲ್ಲ ಕಾಣುತ್ತದೆ. 2025ರ ಸೆಪ್ಟೆಂಬರ್ 7ರ ರಾತ್ರಿ 11ರಿಂದ 12.22ರವರೆಗೆ ಭಾರತದಾದ್ಯಂತ ಪೂರ್ಣ ಗ್ರಹಣವಿತ್ತು. ಆಗ ಚಂದ್ರ ಕಪ್ಪಾಗದೆ ತಾಮ್ರವರ್ಣ ತಾಳುವುದು ಭೂಮಿಯ ವಾಯುಮಂಡಲ ಬಾಗಿಸಿ ಕಳಿಸಿದ ಕೆಂಬೆಳಕಿನಿಂದ.

ಸೂರ್ಯಗ್ರಹಣದ ಪೂರ್ಣ ನೆರಳು ಕಿರಿದು. 1980ರ ಫೆಬ್ರವರಿ 16ರ ಮಧ್ಯಾಹ್ನ ಅದು ಕಾರವಾರದ ಕರಾವಳಿಯಿಂದ ಹುಬ್ಬಳ್ಳಿ, ರಾಯಚೂರುಗಳ ಮೂಲಕ ಉತ್ತರ ಕರ್ನಾಟಕವನ್ನು ಹಾದುಹೋಯಿತು. ಭಾರತೀಯ ಖಭೌತ ಸಂಸ್ಥೆ ಹುಬ್ಬಳ್ಳಿ ಬಳಿಯ ಹೊಸೂರು ಮತ್ತು ರಾಯಚೂರು ಕಡೆಯ ಜವಳಗೇರಾದಲ್ಲಿ ವೀಕ್ಷಣಾ ಶಿಬಿರ ಹೂಡಿತ್ತು. 2019ರ ಡಿಸೆಂಬರ್ 26ರದ್ದು ಕಂಕಣ ಗ್ರಹಣ. ಭೂಮಿ ಪುರರವಿಗೆ ಸಮೀಪವಿದ್ದು ಸೂರ್ಯ ದೊಡ್ಡದಾಗಿ, ಚಂದ್ರ ದೂರವಿದ್ದು ಚಿಕ್ಕದಾಗಿ ಕಂಡದ್ದರಿಂದ ಸುತ್ತ ಬೆಳಕಿನ ಬಳೆ ಉಳಿಯಿತು. ಕಾಸರಗೋಡು ಜಿಲ್ಲೆಯ ಚೆರುವತ್ತೂರು ಮತ್ತು ಕೊಡಗಿನ ಕುಟ್ಟದಲ್ಲಿ ಕಂಕಣ ಕಂಡಿತು, ಕೂಡಲಸಂಗಮದಲ್ಲಿ ಪಾರ್ಶ್ವ ಗ್ರಹಣ.

ಉಬ್ಬರವಿಳಿತಕ್ಕೆ ಸಂಬಂಧಿಸಿದ ಒಂದು ತಪ್ಪುಕಲ್ಪನೆಯನ್ನು ಇಲ್ಲೇ ಹೇಳಬಹುದು. ಸೂರ್ಯಚಂದ್ರರ ಸೆಳೆತದಿಂದ ಕಾರವಾರದ ಕಡಲು ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ಹೆಚ್ಚು ಏರಿಳಿಯುತ್ತದೆ. ಸಂಗಮದ ನೀರಿನ ಏರಿಳಿತಕ್ಕೆ ಮಾತ್ರ ಚಂದ್ರ ಕಾರಣನಲ್ಲ. ಪಶ್ಚಿಮ ಘಟ್ಟದ ಮಳೆ, ಮೇಲೆ ಆಲಮಟ್ಟಿ ಮತ್ತು ಕೆಳಗೆ ನಾರಾಯಣಪುರದ ಬಸವಸಾಗರ ಜಲಾಶಯಗಳ ನಿರ್ವಹಣೆ ಅದನ್ನು ನಿರ್ಧರಿಸುತ್ತವೆ. ಹಿನ್ನೀರಿನಿಂದ ಉಳಿಸಲೆಂದೇ ಬಸವಣ್ಣನವರ ಐಕ್ಯಮಂಟಪದ ಸುತ್ತ ಬಾವಿಯಾಕಾರದ ಗೋಡೆ ಕಟ್ಟಲಾಗಿದೆ.

ಪಂಚಾಂಗ, ಹಬ್ಬ ಮತ್ತು ಮಳೆ ನಕ್ಷತ್ರ

ಹನ್ನೆರಡು ಚಾಂದ್ರಮಾಸಗಳಿಗೆ 354 ದಿನ. ಸೌರವರ್ಷಕ್ಕಿಂತ 11 ದಿನ ಕಡಿಮೆ. ಈ ಕೊರತೆ ತುಂಬಲು ಸುಮಾರು 32 ತಿಂಗಳಿಗೊಮ್ಮೆ ಅಧಿಕಮಾಸ ಸೇರುತ್ತದೆ. ವೈಶಾಖ ಶುದ್ಧ ತದಿಗೆಯ ಬಸವ ಜಯಂತಿ 2023ರಲ್ಲಿ ಏಪ್ರಿಲ್ ನಾಲ್ಕನೆಯ ವಾರದಲ್ಲಿ ಬಂದು, ಅದೇ ವರ್ಷದ ಅಧಿಕ ಶ್ರಾವಣದಿಂದಾಗಿ 2024ರಲ್ಲಿ ಮೇ 10ಕ್ಕೆ ಮುಂದೆ ಹಾರಿ, 2025ರಲ್ಲಿ ಏಪ್ರಿಲ್ 30ಕ್ಕೆ ಹಿಂದೆ ಸರಿದದ್ದು ಈ ಹೊಂದಾಣಿಕೆಯ ನಿದರ್ಶನ. ಶ್ರಾವಣ ಶುದ್ಧ ಪಂಚಮಿಯ ಬಸವ ಪಂಚಮಿ, ಮಣ್ಣೆತ್ತಿನ ಅಮಾವಾಸ್ಯೆ, ಶೀಗಿ ಹುಣ್ಣಿಮೆ, ಎಳ್ಳಮಾಸೆ, ಭಾರತ ಹುಣ್ಣಿಮೆ, ಬಾಗಲಕೋಟೆಯ ಹೋಳಿ ಎಲ್ಲವೂ ಚಂದ್ರನನ್ನೇ ಅನುಸರಿಸುತ್ತವೆ.

ಮಕರ ಸಂಕ್ರಾಂತಿ ಮತ್ತು ಮಳೆ ನಕ್ಷತ್ರಗಳು ಸೂರ್ಯನನ್ನು ಅನುಸರಿಸುತ್ತವೆ. ಸೂರ್ಯ ಒಂದು ನಕ್ಷತ್ರವಿಭಾಗದಲ್ಲಿ, ಅಂದರೆ 13 ಡಿಗ್ರಿ 20 ಕಲೆಯಲ್ಲಿ, 13–14 ದಿನ ಇರುತ್ತಾನೆ. ರೋಹಿಣಿ ಮಳೆ ಮೇ 25ರ ಸುಮಾರಿಗೆ, ಮಿರಗ ಜೂನ್ 8ಕ್ಕೆ, ಆರಿದ್ರ ಜೂನ್ 22ಕ್ಕೆ ಹುಟ್ಟುತ್ತವೆ ಎಂದು ರೈತರು ಲೆಕ್ಕ ಹಿಡಿಯುತ್ತಾರೆ. ಎರೆಭೂಮಿಯ ಹಿಂಗಾರಿ ಜೋಳದ ಬಿತ್ತನೆ ಹುಬ್ಬ, ಉತ್ತರಿ, ಹಸ್ತ ಮಳೆಗಳ ಕಾಲದ್ದು. ಇಲ್ಲಿ ನಕ್ಷತ್ರದ ಹೆಸರು ದಿನಾಂಕವನ್ನು ಸೂಚಿಸುತ್ತದೆ, ಮಳೆ ತರುವುದಿಲ್ಲ. ಆದರೂ ಚಾಂದ್ರ ತಿಥಿಗಿಂತ ಇದು ಬೇಸಾಯಕ್ಕೆ ಹೆಚ್ಚು ನೆಚ್ಚಬಹುದಾದ ಲೆಕ್ಕ, ಏಕೆಂದರೆ ಇದು ವರ್ಷಕ್ಕೆ ಹನ್ನೊಂದು ದಿನ ಜಾರುವುದಿಲ್ಲ.

ದೀರ್ಘಾವಧಿಯ ಚಲನೆಗಳು

ಭೂಮಿಯ ಅಕ್ಷದ ದಿಕ್ಕು ಸುಮಾರು 25,800 ವರ್ಷಕ್ಕೊಮ್ಮೆ ಶಂಕುವಿನಾಕಾರದಲ್ಲಿ ಒಂದು ಸುತ್ತು ಬರುತ್ತದೆ. ಇದು ಅಯನಚಲನೆ, ಪ್ರಮಾಣ 72 ವರ್ಷಕ್ಕೆ 1 ಡಿಗ್ರಿ. ಇದರಿಂದ ನಿರಯನ, ಅಂದರೆ ನಕ್ಷತ್ರಗಳನ್ನು ಆಧರಿಸಿದ, ಮಕರ ಸಂಕ್ರಾಂತಿ ನಿಜವಾದ ಉತ್ತರಾಯಣಾರಂಭದಿಂದ ದೂರ ಸರಿಯುತ್ತಿದೆ. ಲಾಹಿರಿ ಅಯನಾಂಶ ಎಂಬ ಗಣನೆಯ ಪ್ರಕಾರ ಇವೆರಡೂ ಕೂಡಿದ್ದು ಕ್ರಿ.ಶ. 285ರಲ್ಲಿ. ಬಸವಣ್ಣನವರ 12ನೆಯ ಶತಮಾನದಲ್ಲಿ ಅಂತರ ಸುಮಾರು 12 ದಿನ, ಈಗ 24 ದಿನ. ಸಂಗಮಸ್ನಾನಕ್ಕೆ ಭಕ್ತರು ಸೇರುವ ಜನವರಿ 14–15ಕ್ಕೆ ಸೂರ್ಯ ಉತ್ತರಕ್ಕೆ ತಿರುಗಿ ಮೂರು ವಾರ ಮೀರಿರುತ್ತದೆ. ಮಳೆ ನಕ್ಷತ್ರಗಳೂ ಹೀಗೆಯೇ ಜರುಗಿವೆ: ರವಿಕೀರ್ತಿಯ ಕಾಲಕ್ಕೆ ಹೋಲಿಸಿದರೆ ಇಂದು ಆರಿದ್ರ ಋತುಚಕ್ರದಲ್ಲಿ ಸುಮಾರು 19 ದಿನ ತಡ. ಅದೇ ಕಾಲದಲ್ಲಿ ಇಂದಿನ ಧ್ರುವನಕ್ಷತ್ರ ನಿಜವಾದ ಧ್ರುವಬಿಂದುವಿನಿಂದ ಸುಮಾರು 8 ಡಿಗ್ರಿ ದೂರವಿತ್ತು.

ಉಬ್ಬರವಿಳಿತದ ಘರ್ಷಣೆಯಿಂದ ಭೂಮಿಯ ಭ್ರಮಣ ನಿಧಾನವಾಗುತ್ತಿದೆ, ಚಂದ್ರ ವರ್ಷಕ್ಕೆ 3.8 ಸೆಂ.ಮೀ. ದೂರ ಸರಿಯುತ್ತಿದ್ದಾನೆ. ದಿನದ ಉದ್ದ ಶತಮಾನಕ್ಕೆ ಎರಡು ಮಿಲಿಸೆಕೆಂಡಿನಷ್ಟೂ ಹೆಚ್ಚುವುದಿಲ್ಲ, ಆದರೆ ಈ ಚೂರುಗಳು ಕೂಡುತ್ತಾ ಹೋಗುತ್ತವೆ. ಪಟ್ಟದಕಲ್ಲಿನ 754ರ ಗ್ರಹಣವನ್ನು ಇಂದಿನ ಭ್ರಮಣವೇಗ ಹಿಡಿದು ಹಿಂದಕ್ಕೆ ಲೆಕ್ಕಿಸಿದರೆ ಒಂದು ಗಂಟೆಗೆ ಸಮೀಪದ ವ್ಯತ್ಯಾಸ ಬರುತ್ತದೆ. ಅಂದರೆ ನೆರಳಿನ ಪಥ ರೇಖಾಂಶದಲ್ಲಿ ಸುಮಾರು 14 ಡಿಗ್ರಿ ಸರಿದುಹೋಗುತ್ತದೆ. ಇಂತಿಂಥ ಊರಿನಲ್ಲಿ ಇಂತಿಂಥ ದಿನ ಗ್ರಹಣ ಕಂಡಿತು ಎಂದು ಹೇಳುವ ಹಳೆಯ ದಾಖಲೆಗಳಿಗೆ ಖಗೋಳವಿಜ್ಞಾನದಲ್ಲಿ ಬೆಲೆ ಬಂದಿರುವುದು ಈ ಕಾರಣಕ್ಕೆ.

ಇಂದಿನ ಸ್ಥಿತಿ

ಮೇಘನಾದ ಸಹಾ ಅಧ್ಯಕ್ಷತೆಯ ಪಂಚಾಂಗ ಸುಧಾರಣಾ ಸಮಿತಿಯ ಶಿಫಾರಸಿನಂತೆ 1957ರ ಮಾರ್ಚ್ 22ರಿಂದ ಋತುಗಳಿಗೆ ಹೊಂದುವ ರಾಷ್ಟ್ರೀಯ ಪಂಚಾಂಗ ಜಾರಿಯಲ್ಲಿದೆ. ಸರ್ಕಾರಿ ಪ್ರಕಟಣೆಗಳಾಚೆ ಅದರ ಬಳಕೆ ಹಬ್ಬಲಿಲ್ಲ. ಹಬ್ಬಗಳ ನಿರ್ಣಯ ಸಾಂಪ್ರದಾಯಿಕ ಪಂಚಾಂಗಗಳಿಂದಲೇ ನಡೆಯುತ್ತಿದೆ. ಕನ್ನಡದಲ್ಲಿ ಆರ್. ಎಲ್. ನರಸಿಂಹಯ್ಯ ಮತ್ತು ಜಿ. ಟಿ. ನಾರಾಯಣರಾವ್ ಅವರ ಬರೆಹಗಳು ಈ ವಿಷಯದ ಪರಿಭಾಷೆಯನ್ನು ನೆಲೆಗೊಳಿಸಿದವು. ಶಾಸನಗಳಲ್ಲಿನ ಗ್ರಹಣ ಮತ್ತು ಸಂಕ್ರಮಣಗಳ ಉಲ್ಲೇಖಗಳನ್ನು ಬೆಂಗಳೂರಿನ ಜವಾಹರಲಾಲ್ ನೆಹರು ತಾರಾಲಯದ ಬಿ. ಎಸ್. ಶೈಲಜಾ ವ್ಯವಸ್ಥಿತವಾಗಿ ಅಧ್ಯಯನ ಮಾಡಿದ್ದಾರೆ. ಶೂನ್ಯ ನೆರಳಿನ ದಿನದ ವೀಕ್ಷಣೆ ಶಾಲೆಗಳಲ್ಲಿ ರೂಢಿಗೆ ಬರುತ್ತಿದೆ; ಅದಕ್ಕೆ ಒಂದು ಕೋಲು, ಮಟ್ಟಸವಾದ ನೆಲ ಮತ್ತು ಮೇ ಮೊದಲ ವಾರದ ಬಿಸಿಲು ಸಾಕು. ಕೂಡಲಸಂಗಮದಲ್ಲಿ ಆ ದಿನಗಳಲ್ಲಿ ನೋಡಬೇಕಾದ ಹೊತ್ತು ಸುಮಾರು 12.22.

ಮುಂದಿನ ಸೂರ್ಯಗ್ರಹಣಗಳಲ್ಲಿ 2031ರ ಮೇ 21ರದ್ದು ಕೇರಳ ಮತ್ತು ತಮಿಳುನಾಡಿನಲ್ಲಿ ಕಂಕಣವಾಗಿ, ಬಾಗಲಕೋಟೆ ಜಿಲ್ಲೆಯಲ್ಲಿ ಪಾರ್ಶ್ವವಾಗಿ ಕಾಣಲಿದೆ. 2034ರ ಮಾರ್ಚ್ 20ರ ಪೂರ್ಣ ಗ್ರಹಣ 1980ರ ಗ್ರಹಣದ ಸರಣಿಯದೇ. ಒಂದೇ ಸರಣಿಯ ಗ್ರಹಣಗಳು 18 ವರ್ಷ 11 ದಿನ 8 ಗಂಟೆಗೊಮ್ಮೆ ಮರಳುತ್ತವೆ. ಆ 8 ಗಂಟೆಯಲ್ಲಿ ಭೂಮಿ ಮೂರನೇ ಒಂದು ಸುತ್ತು ತಿರುಗುವುದರಿಂದ 1998ರದ್ದು ಕೆರಿಬಿಯನ್ ಕಡೆಗೂ 2016ರದ್ದು ಇಂಡೊನೇಷ್ಯಾಕ್ಕೂ ಹೋದವು. ಮೂರನೆಯ ಆವರ್ತ ಮತ್ತೆ ಭಾರತದ ರೇಖಾಂಶಕ್ಕೆ ಬಂದಿದೆ, ಆದರೆ ಪಥ ಉತ್ತರಕ್ಕೆ ಸರಿದು ಲಡಾಖಿನ ಮೇಲೆ ಹಾಯುತ್ತದೆ.